ಅಮ್ಮನ ಮೊದಲ ಮೆಸೇಜು

ಮ್ಯೂನಿಕ್
9 ನವೆಂಬರ್ 2025

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು,

ನಾನು ಇಲ್ಲಿ ಕ್ಷೇಮ. ನಿನ್ನೆ ಬೆಳಗ್ಗೆ ಎದ್ದಾಗ ನಿನ್ನ ಮೆಸೇಜು ಬಂದಿತ್ತು. ‘ಗಾಂಧಿ ಬಜಾರಿಗೆ ಅವರೆಕಾಯಿ ಬಂದಿದೆ. ನಿನನ ನೆನಪಾಯತು.’ ಒತ್ತು ಒಂದೂ ಇರಲಿಲ್ಲ. ಯಾರ ಕೈಲೂ ಬರೆಸದೆ ನೀನೇ ಬರೆದದ್ದು ಅಂತ ಅದರಿಂದಲೇ ಗೊತ್ತಾಯಿತು. ನಾಲ್ಕು ಸಲ ಓದಿದೆ.

ಒತ್ತು ಕೊಡುವುದು ಕಷ್ಟವಿಲ್ಲ ಅಮ್ಮ. ‘ನಿ’ ಆದ ಮೇಲೆ ‘ನ’ ಮುಟ್ಟು. ಆಮೇಲೆ ‘್’ ಗುರುತು ಮುಟ್ಟು, ಅದು ‘ನ್’ ಆಗುತ್ತದೆ. ಮತ್ತೆ ‘ನ’ ಮುಟ್ಟಿದರೆ ತಾನಾಗಿ ಕೆಳಗೆ ಹೋಗಿ ಕೂರುತ್ತದೆ. ಶಾಲೆಯಲ್ಲಿ ಬೋರ್ಡಿನ ಮೇಲೆ ನ್ + ನ = ನ್ನ ಅಂತ ಬರೆಸುತ್ತಿದ್ದೆಯಲ್ಲ, ಫೋನಿನದೂ ಅದೇ ಲೆಕ್ಕ.

ಹೋದ ಸಲ ಊರಿಗೆ ಬಂದಾಗ ನೀನು ಏನು ಕೇಳಿದರೂ ‘ಕೊಡಮ್ಮ ಇಲ್ಲಿ’ ಅಂತ ಫೋನ್ ಕಿತ್ತುಕೊಂಡು ನಾನೇ ಮಾಡಿಬಿಡುತ್ತಿದ್ದೆ. ತಪ್ಪಾಯಿತು. ನೀನು ಯಾವ ಮಗುವಿನ ಸ್ಲೇಟನ್ನೂ ಹಾಗೆ ಕಿತ್ತುಕೊಂಡವಳಲ್ಲ.

ಅಪ್ಪನ ರೈಲ್ವೆ ಪೆನ್ಷನ್ನಿಗೆ ಜೀವಿತ ಪ್ರಮಾಣಪತ್ರ ಕೊಡುವ ತಿಂಗಳು ಬಂತು. ಹೋದ ವರ್ಷ ಬೆರಳಚ್ಚು ಹಿಡಿಯಲಿಲ್ಲ ಅಂತ ಮೂರು ಸಲ ಅಲೆದೆ ಅಲ್ವಾ. ವಯಸ್ಸಾದಂತೆ ಬೆರಳಿನ ಗೆರೆ ಸವೆಯುತ್ತದೆ, ನಿನ್ನ ತಪ್ಪೇನಲ್ಲ. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಕೊಡಬಹುದು. ಕಿಟಕಿಗೆ ಮುಖ ಮಾಡಿ ಕೂತುಕೋ, ಬೆಳಕು ಚೆನ್ನಾಗಿ ಬೀಳಲಿ. ಮುಂದಿನ ಭಾನುವಾರ ನಾಲ್ಕು ಗಂಟೆಗೆ ಫೋನ್ ಮಾಡುತ್ತೇನೆ, ಇಲ್ಲಿ ಆಗ ಹನ್ನೊಂದೂವರೆ. ಸ್ಪೀಕರಿಗೆ ಹಾಕಿಕೋ. ನಾನು ಬಾಯಲ್ಲಿ ಹೇಳುತ್ತೇನೆ, ನೀನು ಕೈಯಲ್ಲಿ ಮಾಡು. ಎಷ್ಟು ಹೊತ್ತಾದರೂ ಆಗಲಿ.

ಒಂದು ಮಾತು ಮಾತ್ರ ಮರೀಬೇಡ. ಯುಪಿಐಯಲ್ಲಿ ದುಡ್ಡು ಕೊಡೋಕೆ ಪಿನ್ ಬೇಕು, ತಗೊಳ್ಳೋಕೆ ಬೇಡ. ‘ನಿಮಗೆ ದುಡ್ಡು ಬರಬೇಕು, ಪಿನ್ ಹಾಕಿ’ ಅಂತ ಯಾರಾದರೂ ಅಂದರೆ ಸುಮ್ನೆ ಫೋನ್ ಇಟ್ಟುಬಿಡು. ದುಡ್ಡು ಹೋಯಿತು ಅನ್ನಿಸಿದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಆ ನಂಬರನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿಡು. ಹೆದರಿಕೊಂಡು ನನ್ನ ಹತ್ತಿರ ಮುಚ್ಚಿಡಬೇಡ, ನಾನು ಬೈಯೋದಿಲ್ಲ.

ನೀನು ಫೋನಿನ ಪಕ್ಕದಲ್ಲಿಟ್ಟುಕೊಂಡು ನೋಡಲಿ ಅಂತಲೇ ಇದನ್ನು ಕಾಗದದಲ್ಲಿ ಬರೆದು, ಊರಿಗೆ ಹೊರಟಿರುವ ಗೆಳತಿಯ ಕೈಲಿ ಕಳಿಸುತ್ತಿದ್ದೇನೆ. ಅವಳಿಗೆ ಒಂದು ಲೋಟ ಕಾಫಿ ಕೊಡು.

ಹಿತಕಿದಬೇಳೆ ಸಾರು ಮಾಡಿದ ದಿನ ಫೋಟೋ ಕಳಿಸು. ಕೆಳಗೆ ಎರಡು ಸಾಲು ಬರಿ. ಒತ್ತು ಬಿಟ್ಟುಹೋದರೂ ನಾನು ಓದಿಕೊಳ್ಳುತ್ತೇನೆ.

ಇಂತಿ ನಿನ್ನ ಪ್ರೀತಿಯ
ಪುಟ್ಟಿ