ಸುಸನ್ನಾ ವೆಸ್ಲಿ: ಏಪ್ರನ್ ಕತೆಗಿಂತ ಕಾಗದವೇ ಗಟ್ಟಿ

ಮಾನ್ಯ ಸಂಪಾದಕರೇ,

ತಾಯಂದಿರ ದಿನ ಬಂತೆಂದರೆ ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ತಾಯಿ ಸುಸನ್ನಾ ಅವರ ಕತೆ ತಪ್ಪದೆ ಅಚ್ಚಾಗುತ್ತದೆ. ಹತ್ತೊಂಬತ್ತು ಮಕ್ಕಳ ಗದ್ದಲದ ನಡುವೆ ಪ್ರಾರ್ಥನೆಗೆ ಜಾಗವಿಲ್ಲದೆ ಆಕೆ ಏಪ್ರನ್ನನ್ನೇ ತಲೆಯ ಮೇಲೆ ಎಳೆದುಕೊಂಡು ಕೂರುತ್ತಿದ್ದರಂತೆ. ಈ 'ಅಂತೆ'ಗೆ ಆ ಕಾಲದ ಬರಹಗಳ ಆಧಾರವಿಲ್ಲ. ಹೆತ್ತ 19 ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಶೈಶವದಲ್ಲೇ ತೀರಿಕೊಂಡಿದ್ದರಿಂದ ಆ ಗದ್ದಲದ ಚಿತ್ರವೂ ಉತ್ಪ್ರೇಕ್ಷೆಯೇ.

ಆಧಾರವಿರುವುದು 1712ರ ಫೆಬ್ರವರಿಯಲ್ಲಿ ಆಕೆ ಗಂಡ ಸ್ಯಾಮ್ಯುಯೆಲ್ ವೆಸ್ಲಿಗೆ ಬರೆದ ಪತ್ರಗಳಲ್ಲಿ. ಇಂಗ್ಲೆಂಡಿನ ಎಪ್‌ವರ್ತ್ ಊರಿನ ಪಾದ್ರಿಯಾಗಿದ್ದ ಆತ ಸಭೆಯೊಂದಕ್ಕಾಗಿ ಲಂಡನ್ನಿನಲ್ಲಿದ್ದಾಗ, ಮನೆಮಂದಿಗೆಂದು ಆಕೆ ಭಾನುವಾರ ಸಂಜೆ ನಡೆಸುತ್ತಿದ್ದ ಪ್ರಾರ್ಥನೆಗೆ ಊರವರೂ ಬರತೊಡಗಿ, ಒಂದು ಭಾನುವಾರ ಇನ್ನೂರಕ್ಕೂ ಮಿಕ್ಕಿ ಜನ ಸೇರಿ, ಅನೇಕರು ಜಾಗ ಸಾಲದೆ ಹಿಂದಿರುಗಿದರು. ಸಹಾಯಕ ಪಾದ್ರಿಯ ದೂರು ಲಂಡನ್ನಿಗೆ ಹೋಯಿತು. ಬೇರೆ ಯಾರಾದರೂ ಪ್ರವಚನ ಓದಲಿ ಎಂದ ಗಂಡನಿಗೆ, ಅಕ್ಷರ ಕೂಡಿಸಿಕೊಳ್ಳದೆ ಸರಾಗವಾಗಿ ಓದಬಲ್ಲ ಗಂಡಸು ಈ ಜನರಲ್ಲಿ ಒಬ್ಬನೂ ಇದ್ದಂತಿಲ್ಲ ಎಂದು ಆಕೆ ಉತ್ತರಿಸಿದರು. ಕೂಟ ನಿಲ್ಲಲೇಬೇಕೆಂದಿದ್ದರೆ ಬರೀ ಇಚ್ಛೆ ತಿಳಿಸಿದರೆ ಸಾಲದು, ಸ್ಪಷ್ಟ ಆಜ್ಞೆಯನ್ನೇ ಕಳುಹಿಸಿ, ಆಗ ದೇವರ ನ್ಯಾಯಪೀಠದ ಮುಂದೆ ಕೂಟ ನಿಲ್ಲಿಸಿದ ದೋಷ ನನ್ನ ಮೇಲೆ ಬರದು ಎಂದೂ ಬರೆದರು. ಇಂಥ ಹೆಣ್ಣುಮಗಳನ್ನು ಏಪ್ರನ್ನಿನ ಮರೆಯಲ್ಲಿ ಕೂರಿಸಿದವರು ಯಾರೋ!

ಹಾಗೆಂದು ಆಕೆಯನ್ನು ಮೆಥಡಿಸ್ಟರ ಮೊದಲ ಬೋಧಕಿ ಎನ್ನುವುದೂ ಸಲ್ಲದು. ಆಕೆ ಓದುತ್ತಿದ್ದುದು ಅಚ್ಚಾದ ಪ್ರವಚನಗಳನ್ನು. ಜಾನ್‌ಗೆ ಆಗಿನ್ನೂ ಎಂಟು ವರ್ಷ, ಮೆಥಡಿಸ್ಟರೆಂಬ ಹೆಸರೇ ಹುಟ್ಟಿರಲಿಲ್ಲ. ಆ ಮಾತು ಹೆಚ್ಚು ಒಪ್ಪುವುದು ಜಾನ್ ವೆಸ್ಲಿಯ ಅನುಯಾಯಿ ಸಾರಾ ಕ್ರಾಸ್ಬಿ ಅವರಿಗೆ. 1761ರ ಫೆಬ್ರವರಿಯಲ್ಲಿ ಡರ್ಬಿಯಲ್ಲಿ ಮೂವತ್ತು ಜನರನ್ನು ನಿರೀಕ್ಷಿಸಿದ್ದ ಆಕೆಯ ಎದುರು ಸುಮಾರು ಇನ್ನೂರು ಜನ ಬಂದು ಕುಳಿತಾಗ, ಒಬ್ಬೊಬ್ಬರನ್ನೇ ಮಾತಾಡಿಸಲಾಗದೆ ಎಲ್ಲರನ್ನೂ ಉದ್ದೇಶಿಸಿ ಮಾತಾಡಿ, ಬಳಿಕ ಅಳುಕಿನಿಂದ ಜಾನ್ ವೆಸ್ಲಿಗೆ ಬರೆದರು. ನೀವು ಮಿತಿ ಮೀರಿಲ್ಲ ಎಂದ ವೆಸ್ಲಿ, ಮೆಥಡಿಸ್ಟರು ಸ್ತ್ರೀಬೋಧಕರನ್ನು ಒಪ್ಪುವುದಿಲ್ಲವೆಂದು ಜನರಿಗೆ ಮೊದಲು ಹೇಳಿ, ಆಮೇಲೆ ಮನಸ್ಸಿನಲ್ಲಿರುವುದನ್ನು ಹೇಳಿಬಿಡಿ ಎಂದು ಸಲಹೆಯಿತ್ತರು! ವೆಸ್ಲಿ ಮಹಿಳೆಯರಿಗೆ ಆರಂಭದಿಂದಲೇ ವೇದಿಕೆ ತೆರೆದಿಟ್ಟರೆಂಬ ಮಾತನ್ನು ಈ ಉತ್ತರದ ಪಕ್ಕದಲ್ಲಿಟ್ಟು ನೋಡಬೇಕು. ಅವರು ತೀರಿಕೊಂಡ ಹನ್ನೆರಡೇ ವರ್ಷಕ್ಕೆ, 1803ರಲ್ಲಿ, ಪಂಥದ ಸಮ್ಮೇಳನವು ಮಹಿಳೆಯರ ಬೋಧನೆಗೆ ಕಡಿವಾಣ ಹಾಕಿತು.

ಮುಂದಿನ ತಾಯಂದಿರ ದಿನದ ಪುರವಣಿಯಲ್ಲಿ ಏಪ್ರನ್ನಿನ ಬದಲು ಆ ಪತ್ರಗಳಿಗೆ ಜಾಗ ಸಿಗಲೆಂದು ವಿನಂತಿ.

– ನಿವೃತ್ತ ಚರಿತ್ರೆ ಅಧ್ಯಾಪಕ, ಮೈಸೂರು