ತೆಲುಗು ಅರ್ಥ ಆಗುತ್ತಲ್ಲ ಮೇಡಂ ಅಂದರೆ?

ಮಾನ್ಯರೇ,

ಜಪಾನಿನ ಅನಿಮೆ (ಅಲ್ಲಿನ ಕಾರ್ಟೂನ್) ಸಿನಿಮಾ ನೋಡಲು ನಮ್ಮೂರಿನ ಮಾಲ್‌ನಲ್ಲಿ ಮಕ್ಕಳು ಮುಗಿಬಿದ್ದ ವರದಿ ಸೋಮವಾರದ ಪತ್ರಿಕೆಯಲ್ಲಿ ಓದಿದೆ. ವೇಷ ಹಾಕಿಕೊಂಡ ಹುಡುಗರ ಫೋಟೊ ಚೆನ್ನಾಗಿದೆ. ಆದರೆ ಭಾನುವಾರ ಅದೇ ಸಾಲಿನಲ್ಲಿ ನಿಂತಿದ್ದ ನಮ್ಮ ಪಾಡು ಅದರಲ್ಲಿ ಬಂದಿಲ್ಲ.

ಎಸ್ಸೆಸ್ಸೆಲ್ಸಿ ಓದುವ ನನ್ನ ಮಗಳು 'ಡೀಮನ್ ಸ್ಲೇಯರ್' ಕಾಮಿಕ್ಸ್‌ನ 23 ಪುಸ್ತಕಗಳನ್ನೂ ಗೆಳತಿಯರಿಂದ ತಂದು ಓದಿದವಳು. ಅದೇ ಕಥೆಯ ಸಿನಿಮಾ 'ಇನ್ಫಿನಿಟಿ ಕ್ಯಾಸಲ್' ನೋಡಲು ಮಂಡಿ ನೋವಿರುವ ನಮ್ಮ ಅತ್ತೆಯೂ ಮೊಮ್ಮಗಳ ಜೊತೆ ಹೊರಟರು. ರಸ್ತೆ ಅಗೆದು ಹಾಗೇ ಬಿಟ್ಟಿದ್ದಾರೆ, ಆಟೊದವರು ಅರ್ಧಕ್ಕೇ ಇಳಿಸಿದರು. ಮಳೆಯಲ್ಲಿ ನೆನೆದು ಹೋದರೆ ಲಿಫ್ಟ್ ಕೆಟ್ಟಿದೆ. ಅತ್ತೆ ಮೂರು ಮಹಡಿ ಹತ್ತಿದರು.

ನಾವು ಬುಕ್ ಮಾಡಿದ್ದು ಕೆಳಗೆ ಇಂಗ್ಲಿಷ್ ಸಾಲು ಬರುವ ಜಪಾನಿ ಭಾಷೆಯ ಶೋ. ಬಾಗಿಲಲ್ಲಿ ಹೇಳುತ್ತಾರೆ, ಅದು ರದ್ದಾಗಿದೆ, ತೆಲುಗು ಶೋಗೆ ಹೋಗಿ ಅಂತ. ಮೊದಲೇ ಒಂದು ಮೆಸೇಜ್ ಇಲ್ಲ. ದುಡ್ಡು ವಾಪಸ್ ಕೇಳಿದರೆ, "ತೆಲುಗು ಅರ್ಥ ಆಗುತ್ತಲ್ಲ ಮೇಡಂ" ಎಂಬ ಉತ್ತರ. ಯಾರು ಹೇಳಿದರು ಅರ್ಥ ಆಗುತ್ತದೆ ಅಂತ? ನಮಗೆ ಬರುವುದು ಕನ್ನಡ!

155 ನಿಮಿಷ ಮಗಳು ಅಜ್ಜಿಯ ಕಿವಿಯಲ್ಲಿ ಕನ್ನಡದಲ್ಲಿ ಕಥೆ ಹೇಳಿದಳು. ಹಿಂದಿನ ಸಾಲಿನವರಿಂದ ಬೈಸಿಕೊಂಡಳು. ಅಪ್ಪನ ಔಷಧಿಗಾಗಿ ಕದಿಯುವ ಹುಡುಗನೊಬ್ಬನ ಹಳೆಯ ಕಥೆ ಬಂದಾಗ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಭಾಷೆ ಸಿಕ್ಕಿದ್ದರೆ ನಮ್ಮ ಅಜ್ಜಿಯರೂ ನೋಡುವ ಸಿನಿಮಾ ಇದು ಸ್ವಾಮಿ, ಬರೀ ಹುಡುಗರ ಹುಚ್ಚಲ್ಲ.

ಹಿಂದಿ, ತಮಿಳು, ತೆಲುಗಿಗೆ ಡಬ್ ಮಾಡುವವರಿಗೆ ಕನ್ನಡ ಯಾಕೆ ಕಾಣುವುದಿಲ್ಲ? ಜಪಾನಿನವರು ಸೇರಿ ಮಾಡಿದ ರಾಮಾಯಣದ ಕಾರ್ಟೂನ್ 2025ರ ಜನವರಿಯಲ್ಲಿ ಥಿಯೇಟರಿಗೆ ಬಂದಾಗಲೂ ಇದೇ ಕಥೆ. ನಮ್ಮ ರಾಮ ಆ ಮೂರು ಭಾಷೆಯ ಜೊತೆ ಇಂಗ್ಲಿಷ್‌ನಲ್ಲೂ ಮಾತಾಡಿದ, ಕನ್ನಡದಲ್ಲಿ ಮಾತ್ರ ಇಲ್ಲ. ನಾನು ಚಿಕ್ಕವಳಿದ್ದಾಗ ದೂರದರ್ಶನದಲ್ಲಿ ಮೌಗ್ಲಿಯನ್ನು ಹಿಂದಿಯಲ್ಲೇ ನೋಡಿದೆ. ಅದೂ ಜಪಾನಿನದು ಅಂತ ಮಗಳು ಹೇಳಿದ ಮೇಲೇ ಗೊತ್ತಾಗಿದ್ದು. ಮೂವತ್ತು ವರ್ಷ ಆಯಿತಲ್ಲ, ಏನು ಬದಲಾಗಿದೆ?

ಡಬ್ಬಿಂಗ್ ಬಂದರೆ ಕನ್ನಡ ಹಾಳಾಗುತ್ತದೆ ಅಂತ ನಮ್ಮ ಚಿತ್ರರಂಗದವರೇ ದಶಕಗಟ್ಟಲೆ ತಡೆದರು. ಹಾಗೆ ತಡೆಯುವುದು ತಪ್ಪು ಎಂದು 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಅಡ್ಡಿ ಬಾರದಂತೆ ನೋಡುವ ಕೇಂದ್ರದ ಸ್ಪರ್ಧಾ ಆಯೋಗ ಅವರ ಸಂಘಗಳಿಗೆ ದಂಡ ಹಾಕಿತು. ಆಮೇಲಾದರೂ ಮಕ್ಕಳ ವಿಷಯ ಯಾರಿಗಾದರೂ ನೆನಪಾಯಿತಾ? ಹೋದ ವರ್ಷ ನಮ್ಮ ಗ್ರಂಥಾಲಯದಲ್ಲಿ ಜಪಾನಿ ಕಾಮಿಕ್ಸ್ ತರಿಸಿ ಅಂತ ಅರ್ಜಿ ಕೊಟ್ಟೆ. "ಅದೆಲ್ಲ ಓದಿದರೆ ಮಾರ್ಕ್ಸ್ ಬರುತ್ತಾ?" ಎಂದರು ಅಲ್ಲಿನ ಅಧಿಕಾರಿ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಪ್ರತಿ ವರ್ಷ ಕಟ್ಟುತ್ತೇವೆ, ಅಲ್ವಾ? ಅರ್ಜಿಗೆ ಇವತ್ತಿಗೂ ಉತ್ತರವಿಲ್ಲ. ಬೀದಿದೀಪಕ್ಕೆ ಕೊಟ್ಟ ಅರ್ಜಿಯದ್ದೂ ಇದೇ ಗತಿ.

ಥಿಯೇಟರಿನವರು ನಮ್ಮ ಮೂರು ಟಿಕೆಟ್ ದುಡ್ಡು ವಾಪಸ್ ಕೊಡಬೇಕು. ಮುಂದಿನ ಭಾಗ ಕನ್ನಡದಲ್ಲಿ ಬರುವಂತೆ ಸಂಬಂಧಪಟ್ಟವರು ಯಾರಿದ್ದಾರೋ ಅವರು ನೋಡಬೇಕು. ಹಂಚಿಕೆದಾರರೋ, ಸರ್ಕಾರವೋ, ಯಾರಾದರೂ ಸರಿ. ನವೆಂಬರ್ ಬಂದರೆ ವೇದಿಕೆ ಹತ್ತಿ ಕನ್ನಡ ಕನ್ನಡ ಅಂತ ಕೂಗುವವರು ಭಾನುವಾರ ಎಲ್ಲಿದ್ದರು? ಮೊದಲು ಆ ಲಿಫ್ಟ್ ರಿಪೇರಿ ಮಾಡಿಸಿ.

— ನೊಂದ ಓದುಗಿ