ಖಾಲಿ ಮನೆಗೆ ಔಷಧಿ ಹೊಡೆಸುವ ಮುನ್ನ

ಎಲ್ಲರಿಗೂ ನಮಸ್ಕಾರ. ಈ ತಿಂಗಳ ಕೊನೆಗೆ ನಮ್ಮ ಕಟ್ಟಡದಲ್ಲಿ ಮೂರು ಮನೆಗಳು ಖಾಲಿಯಾಗುತ್ತಿವೆ. ಹೊಸ ಬಾಡಿಗೆದಾರರ ಸಾಮಾನು ಬಂದಿಳಿಯುವ ಮೊದಲೇ ಜಿರಳೆ, ತಿಗಣೆಗಳಿಗೆ ಔಷಧಿ ಹಾಕಿಸಿ ಎಂದು ಮಾಲೀಕರಲ್ಲಿ ವಿನಂತಿ.

ಸುಣ್ಣಬಣ್ಣ ಮಾಡಿಸಿದರೆ ಸಾಲದು. ತಿಗಣೆ ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ. ಮೊಟ್ಟೆಗಳಿಗೆ ಔಷಧಿ ಅಷ್ಟಾಗಿ ನಾಟುವುದಿಲ್ಲ, ಹಾಗಾಗಿ ಎರಡು ವಾರ ಬಿಟ್ಟು ಇನ್ನೊಮ್ಮೆ ಹೊಡೆಸಬೇಕಾಗುತ್ತದೆ. ಮಂಚ, ಬೀರುಗಳನ್ನು ಮನೆಯಲ್ಲೇ ಬಿಟ್ಟಿದ್ದರೆ ಅವುಗಳ ಸಂದುಗೊಂದುಗಳನ್ನು ಟಾರ್ಚ್ ಹಿಡಿದು ನೋಡಿ. ಅಡುಗೆಮನೆಯ ಜಿರಳೆಗಳಿಗೆ, ಅವು ತಿಂದು ಸಾಯುವ ಜೆಲ್ ಔಷಧಿ ಒಳ್ಳೆಯದು: ಕಪಾಟಿನ ಕೀಲುಗಳ ಬಳಿ, ಸಿಂಕಿನ ಕೆಳಗೆ ಸಣ್ಣ ಚುಕ್ಕೆಗಳಾಗಿ ಇಡಿಸಿ. ಅದರ ಮೇಲೆ ಸ್ಪ್ರೇ ಹೊಡೆದರೆ ಜಿರಳೆ ಜೆಲ್ ಮುಟ್ಟದೆ ದೂರ ಸರಿಯುತ್ತದೆ, ಹಣ ದಂಡ.

ಕೈಮುಗಿದು ಕೇಳುವ ಮಾತು ಇನ್ನೊಂದಿದೆ. ಧಾನ್ಯದ ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು, ಯಾರೇ ಅಗ್ಗಕ್ಕೆ ತಂದುಕೊಟ್ಟರೂ, ಮನೆಯೊಳಗೆ ಇಡಿಸಬೇಡಿ. ಗಾಳಿಯ ತೇವ ತಾಗಿದರೆ ಸಾಕು, ಅವುಗಳಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಬಿರುಕು, ಪೈಪಿನ ಕಿಂಡಿಗಳ ಮೂಲಕ ಅದು ಪಕ್ಕದ ಮನೆಗೂ ನುಗ್ಗಬಹುದು. ಆ ವಿಷಕ್ಕೆ ಪ್ರತಿವಿಷವೇ ಇಲ್ಲ. ನಮ್ಮಲ್ಲಿ ಹಸುಗೂಸುಗಳಿವೆ, ಉಬ್ಬಸವಿರುವ ಹಿರಿಯರಿದ್ದಾರೆ.

ಪರವಾನಗಿ ಇರುವವರನ್ನೇ ಕರೆಸಿ, ಯಾವ ಔಷಧಿ ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ. ಎರಡು ದಿನ ಮೊದಲೇ ದಿನಾಂಕವನ್ನು ಈ ಗುಂಪಿನಲ್ಲಿ ತಿಳಿಸಿ. ಕೀಲಿ ಕೊಡುವ ಮುನ್ನ ಇಡೀ ದಿನ ಕಿಟಕಿಗಳನ್ನು ತೆರೆದಿಡಿ.